ಅಂಗೈಯಲ್ಲೊಂದು ಬಣ್ಣದ ಬಿಲ್ಲೆ



ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಇದ್ದವರಿಗೆ ಅದರ ಹಸಿರು ಕಣ್ಣಿನ ನೆನಪು ಇದ್ದೇ ಇರುತ್ತದೆ. ಗುಂಡಿಯನ್ನು ತಿರುವುತ್ತ ಹೋದಂತೆ, ಗಾಜಿನ ಹಿಂದೆ ಹಸಿರಾಗಿ ಬೆಳಗುತ್ತಿದ್ದ ಆ ದುಂಡನೆಯ ಕಣ್ಣಿನೊಳಗಿನ ಕಪ್ಪು ನೆರಳು ಕಿರಿದಾಗುತ್ತಿತ್ತು. ನೆರಳು ತೀರ ಕಿರಿದಾದಾಗ ನಿಲಯ ಸರಿಯಾಗಿ ಸಿಕ್ಕಿತೆಂದು ಅರ್ಥ. ಅಮೆರಿಕದ ಆರ್.ಸಿ.ಎ. ಕಂಪನಿ ೧೯೩೫ರಲ್ಲಿ ಈ ಬಗೆಯ ವಾಲ್ವನ್ನು ಮಾರುಕಟ್ಟೆಗೆ ತಂದಿತು. ಜನ ಅದನ್ನು ಮ್ಯಾಜಿಕ್ ಐ, ಎಂದರೆ ಮಾಯಾನೇತ್ರ, ಎಂದು ಕರೆದರು. ಅದಕ್ಕೆ ಅಕ್ಷರ ಬರುತ್ತಿರಲಿಲ್ಲ, ಅಂಕೆ ಬರುತ್ತಿರಲಿಲ್ಲ. ಆದರೂ ಓದು ಬಾರದ ಮುದುಕರಿಂದ ಹಿಡಿದು ಶಾಲೆಗೆ ಹೋಗದ ಮಕ್ಕಳವರೆಗೆ ಎಲ್ಲರಿಗೂ ಅದರ ಮಾತು ತಿಳಿಯುತ್ತಿತ್ತು.

ನಾನು ಈ ಹೊತ್ತು ತಮ್ಮೊಡನೆ ಆಡಬೇಕೆಂದಿರುವುದು ಆ ಹಸಿರು ಕಣ್ಣಿನ ಮೊಮ್ಮಗನೆನ್ನಬಹುದಾದ ಒಂದು ಪುಟ್ಟ ವಸ್ತುವಿನ ವಿಷಯ. ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದು. ದುಂಡಗಿನ ಗಾಜಿನ ಬಿಲ್ಲೆ. ಬೆನ್ನಿಗೆ ಒಂದು ಸಣ್ಣ ಹಲಗೆ, ಹಲಗೆಯ ಅಂಚಿನಲ್ಲಿ ಏಳೋ ಎಂಟೋ ತಂತಿ ಸಿಕ್ಕಿಸುವ ಕಡ್ಡಿಗಳು. ವಿದ್ಯುತ್ತು ಹರಿದೊಡನೆ ಆ ಬಿಲ್ಲೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಹವ್ಯಾಸವಿರುವ ಹುಡುಗರು ಇದನ್ನು ‘ರೌಂಡ್ ಡಿಸ್‌ಪ್ಲೇ’ ಎನ್ನುತ್ತಾರೆ. ಬೆಲೆ ಕೆಲವು ನೂರು ರೂಪಾಯಿ. ಅಂಚೆಯಲ್ಲಿ ತರಿಸಿಕೊಳ್ಳಬಹುದು.

ಕನ್ನಡ ಪಂಡಿತನಿಗೂ ಇದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ನನ್ನ ಮನೆಯವರೂ ಕೇಳಿದರು. ಸಂಬಂಧ ಬಂದದ್ದು ಹೀಗೆ. ಕೇಂದ್ರ ಸರಕಾರದವರು ೨೦೧೬ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಎಂಬ ಯೋಜನೆಯನ್ನು ಆರಂಭಿಸಿದರು. ಆರನೆಯ ತರಗತಿಯಿಂದ ಹನ್ನೆರಡನೆಯವರೆಗಿನ ಮಕ್ಕಳು ತಮ್ಮ ಕೈಯಿಂದಲೇ ಏನನ್ನಾದರೂ ಮಾಡಿ ಕಲಿಯಲಿ ಎಂಬುದು ಅದರ ಉದ್ದೇಶ. ಅಂಥ ಕೋಣೆಯೊಂದು ನಮ್ಮ ಶಾಲೆಗೂ ಬಂದಿತು. ವಿಜ್ಞಾನದ ಮಾಸ್ತರರಿಗೆ ವರ್ಗವಾದಾಗ, ಹೊಸಬರು ಬರುವತನಕ ಕೋಣೆಯ ಬೀಗದ ಕೈ ನನ್ನ ಕೊರಳಿಗೆ ಬಿದ್ದಿತು. ಸಂಧಿ ಸಮಾಸ ಹೇಳಿಕೊಡುವವನ ಜೇಬಿನಲ್ಲಿ ಬೆಸುಗೆ ಕಡ್ಡಿ! ಮಕ್ಕಳು ನಕ್ಕರು, ನಾನೂ ನಕ್ಕೆ.

ಆ ಕೋಣೆಗೆ ತಪ್ಪದೆ ಬರುತ್ತಿದ್ದವರು ಮೂವರು. ಒಬ್ಬನು ಭಾಲ್ಕಿಯ ಹುಡುಗ. ಅವನ ತಂದೆಗೆ ಮೋಟಾರು ರಿವೈಂಡಿಂಗಿನ ಅಂಗಡಿಯಿದೆ, ಆದ್ದರಿಂದ ಬೆಸುಗೆ ಹಾಕುವುದು ಅವನಿಗೆ ಮನೆಯ ವಿದ್ಯೆ. ಇನ್ನೊಬ್ಬನು ಬೀದರದವನೇ, ಬಿದರಿ ಕೆಲಸದ ಮನೆತನದವನು. ಮೂರನೆಯವಳು ಔರಾದ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದುವ ಒಂಬತ್ತನೆಯ ತರಗತಿಯ ಹುಡುಗಿ. ಏನು ಮಾಡೋಣವೆಂದು ನಾನು ಕೇಳಿದಾಗ ಮೊದಲಿಬ್ಬರು ರೋಬೋ ಎಂದರು. ಅವಳು ಮಾತ್ರ ಹೀಗೆಂದಳು: “ಸರ್, ನಮ್ಮ ಆಯಿ ದಿನಾ ನಿಚ್ಚಣಿಕಿ ಹತ್ತತಾಳ್ರಿ. ಟಾಕಿದಾಗ ನೀರು ಎಷ್ಟು ಅದಾವ ಅಂತ ನೋಡಾಕ. ಬಿದ್ದಗಿದ್ದಳಂದ್ರ ಹೆಂಗ್ರಿ?”

ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಳದ ನೀರು ದಿನವೂ ಬರುವುದಿಲ್ಲ, ಬಂದಾಗ ತುಂಬಿಸಿಕೊಳ್ಳಬೇಕು, ತುಂಬಿಸಿದ್ದು ಎಷ್ಟು ಉಳಿದಿದೆಯೆಂದು ನೋಡುತ್ತಿರಬೇಕು. ತಗ್ಗು ಮಾಳಿಗೆಯ ಮೇಲೆ ಕಪ್ಪು ಪ್ಲಾಸ್ಟಿಕಿನ ತೊಟ್ಟಿ, ಅದಕ್ಕೊಂದು ನಿಚ್ಚಣಿಕೆ, ನಿಚ್ಚಣಿಕೆಯ ಮೇಲೆ ಎಪ್ಪತ್ತು ದಾಟಿದ ಮುದುಕಿ. ರೋಬೋ ಹಿಂದೆ ಸರಿಯಿತು. ತೊಟ್ಟಿಯ ನೀರನ್ನು ಅಡಿಗೆಮನೆಯಲ್ಲಿಯೇ ಕಾಣಿಸುವ ಒಂದು ಸಾಧನವನ್ನು ಮಾಡುವುದೆಂದು ನಿಶ್ಚಯವಾಯಿತು. ಅದರ ಮುಖವೇ ಈ ದುಂಡನೆಯ ಬಿಲ್ಲೆ.

ಮೊದಲು ಬಿಲ್ಲೆಯ ಒಳಗನ್ನು ನೋಡೋಣ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದರ ಅಡ್ಡಳತೆ ೧.೨೮ ಅಂಗುಲ, ಎಂದರೆ ಸುಮಾರು ೩೨ ಮಿಲಿಮೀಟರು. ಅದನ್ನು ನಡೆಸುವ ಚಿಪ್ಪಿನ ಹೆಸರು ಜಿ.ಸಿ.೯ಎ೦೧. ರಂಗೋಲಿಗೆ ಚುಕ್ಕಿಯಿಡುವಂತೆ ಈ ತೆರೆಗೂ ಚುಕ್ಕಿಗಳ ಲೆಕ್ಕ ಉಂಟು: ಅಡ್ಡಕ್ಕೆ ೨೪೦, ಉದ್ದಕ್ಕೆ ೨೪೦, ಗುಣಿಸಿದರೆ ೫೭,೬೦೦. ಆದರೆ ಇದು ಚೌಕದ ಲೆಕ್ಕ. ಚೌಕದೊಳಗೆ ಕೂರುವ ವೃತ್ತ ಅದರ ನೂರಕ್ಕೆ ಎಪ್ಪತ್ತೆಂಟೂವರೆ ಪಾಲು ಮಾತ್ರ. ಆದ್ದರಿಂದ ಕಣ್ಣಿಗೆ ಕಾಣುವ ಚುಕ್ಕಿಗಳು ಸುಮಾರು ೪೫,೦೦೦. ಒಂದೊಂದು ಚುಕ್ಕಿಯಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರುಚುಕ್ಕಿಗಳು. ಒಂದೊಂದು ಕಿರುಚುಕ್ಕಿಗೂ ಗಾಜಿನ ಮೇಲೆಯೇ ಎರಕವಾದ ಒಂದು ಟ್ರಾನ್ಸಿಸ್ಟರು. ಅಂಗೈಯೊಳಗೆ ಲಕ್ಷಕ್ಕೂ ಮಿಗಿಲಾದ ಟ್ರಾನ್ಸಿಸ್ಟರು! ನಮ್ಮ ತಂದೆಯವರು ಆರು ಟ್ರಾನ್ಸಿಸ್ಟರಿನ ರೇಡಿಯೋ ಕೊಂಡಾಗ ಓಣಿಯವರೆಲ್ಲ ನೋಡಲು ಬಂದಿದ್ದರು.

ಹಿಂದೆ ಒಂದು ಬಿಳಿಯ ದೀಪ ಸದಾ ಉರಿಯುತ್ತಿರುತ್ತದೆ. ಮುಂದೆ ಎರಡು ಗಾಜಿನ ನಡುವೆ ದ್ರವಸ್ಫಟಿಕವೆಂಬ ವಸ್ತುವಿನ ತೆಳುಪದರ. ವಿದ್ಯುತ್ತಿನ ಪ್ರಭಾವ ಬಿದ್ದಾಗ ಈ ಪದರದ ಅಣುಗಳು ಹೊರಳುತ್ತವೆ. ಹೊರಳಿದ ಮಟ್ಟಿಗೆ ಬೆಳಕು ಹೆಚ್ಚಾಗಿಯೋ ಕಡಿಮೆಯಾಗಿಯೋ ಹೊರಬರುತ್ತದೆ. ಹೊಲದ ಕಾಲುವೆಗೆ ಮಣ್ಣು ಕೊಟ್ಟು ನೀರು ತಿರುಗಿಸುವ ಹಾಗೆ, ಇಲ್ಲಿ ಬೆಳಕಿನ ಕಾಲುವೆಗಳನ್ನು ಮುಚ್ಚಿ ತೆರೆಯುವುದು. ದೀಪ ಒಂದೇ, ಬಾಗಿಲುಗಳು ಲಕ್ಷ.

ದ್ರವದಂತೆ ಹರಿಯುವ, ಆದರೆ ಹರಳಿನಂತೆ ಶಿಸ್ತುಳ್ಳ ಈ ವಿಚಿತ್ರ ವಸ್ತುವನ್ನು ೧೮೮೮ರಲ್ಲಿ ಮೊದಲು ಗಮನಿಸಿದವನು ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ. ಎಂಬತ್ತು ವರ್ಷಗಳ ಕಾಲ ಅದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. ೧೯೬೮ರಲ್ಲಿ ಆರ್.ಸಿ.ಎ. ಕಂಪನಿಯ ಹೈಲ್‌ಮೈಯರ್ ಮತ್ತು ಅವನ ಸಂಗಡಿಗರು ಅದರಿಂದ ಅಂಕೆಗಳನ್ನು ಕಾಣಿಸಬಹುದೆಂದು ತೋರಿಸಿದರು. ಹಸಿರು ಕಣ್ಣನ್ನು ತಂದ ಅದೇ ಕಂಪನಿ ಎಂಬುದನ್ನು ಗಮನಿಸಬೇಕು.

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲು ಉಂಟು. ಅದನ್ನು ನಮ್ಮ ಮಕ್ಕಳು ಅರಿಯರು. ಸರ್ ಸಿ. ವಿ. ರಾಮನ್ನರ ಸೋದರಳಿಯಂದಿರಲ್ಲಿ ಒಬ್ಬರಾದ ಪ್ರೊಫೆಸರ್ ಎಸ್. ಚಂದ್ರಶೇಖರ್ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. ಅದುವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯ ಆಕಾರದವು. ೧೯೭೭ರಲ್ಲಿ ಚಂದ್ರಶೇಖರರೂ ಅವರ ಸಹೋದ್ಯೋಗಿಗಳಾದ ಸದಾಶಿವ, ಸುರೇಶ ಅವರೂ ತಟ್ಟೆಯ ಆಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ಕಂಡುಕೊಂಡರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಆ ಅಣುಗಳು ಕಂಬ ಕಟ್ಟಿ ನಿಲ್ಲುತ್ತವೆ. ಮುಂದೆ ಅಂಥ ತಟ್ಟೆಯಣುಗಳ ತೆಳುಹಾಳೆಯನ್ನು ದೊಡ್ಡ ತೆರೆಗಳಿಗೆ ಹೊದಿಸಿ, ಪಕ್ಕದಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವುದು ರೂಢಿಗೆ ಬಂದಿತು. ನಮ್ಮ ಪುಟ್ಟ ಬಿಲ್ಲೆಯಲ್ಲಿರುವುದು ಕಡ್ಡಿಯ ಅಣುಗಳೇ. ಆದರೂ ಈ ವಿದ್ಯೆ ಎಲ್ಲವೂ ಹೊರಗಿನಿಂದಲೇ ಬಂದದ್ದೆಂದು ತಿಳಿದ ಹುಡುಗರಿಗೆ ಈ ಸಂಗತಿ ಹೇಳಿದಾಗ ಅವರು ಕುಳಿತ ಭಂಗಿಯೇ ಬದಲಾಯಿತು.

ಇನ್ನು ದುಂಡಾಕಾರದ ಮಾತು. ಗಡಿಯಾರ ದುಂಡು, ದಿಕ್ಸೂಚಿ ದುಂಡು, ಊಟದ ತಾಟು ದುಂಡು. ಬೀದರದ ನಟ್ಟನಡುವೆ ನಿಂತ ಚೌಬಾರಾ ಗೋಪುರವೂ ದುಂಡೇ. ಆದರೆ ದುಂಡು ತೆರೆಯ ಮೇಲೆ ಬರೆಯುವುದು ಚೌಕದ ಹಾಳೆಯ ಮೇಲೆ ಬರೆದಂತಲ್ಲ. ನಮ್ಮ ಮಕ್ಕಳು ಮೊದಲು ಬರೆದದ್ದೆಲ್ಲ ಮೂಲೆಯಿಂದ ಆರಂಭವಾಗಿ, ಮೊದಲಕ್ಷರಗಳು ಇಲ್ಲದ ಮೂಲೆಯಲ್ಲಿ ಬಿದ್ದುಹೋದವು. ಆಗ ಅವರಿಗೆ ಪೈಥಾಗೊರಸನ ಪ್ರಮೇಯ ಬೇಕಾಯಿತು. ತೆರೆಯ ತ್ರಿಜ್ಯ ೧೨೦ ಚುಕ್ಕಿ. ನಡುವಿನಿಂದ ೭೨ ಚುಕ್ಕಿ ಮೇಲಕ್ಕೆ ಹೋದರೆ ಅಲ್ಲಿ ಸಿಗುವ ಅಗಲ ೧೯೨ ಚುಕ್ಕಿ. ೯೬ ಚುಕ್ಕಿ ಮೇಲಕ್ಕೆ ಹೋದರೆ ೧೪೪ ಮಾತ್ರ. ಇಡೀ ವೃತ್ತದೊಳಗೆ ಹಿಡಿಯುವ ಅತಿದೊಡ್ಡ ಚೌಕದ ಬದಿ ಸುಮಾರು ೧೭೦. ಪರೀಕ್ಷೆಗಾಗಿ ಉರುಹೊಡೆದಿದ್ದ ಪ್ರಮೇಯ ಅಂದು ಹೊಟ್ಟೆಗೆ ಹತ್ತಿತು.

ಇಲ್ಲಿ ಬಿದರಿ ಮನೆತನದ ಹುಡುಗನು ನಮಗೆ ಗುರುವಾದನು. ಬಿದರಿಯ ಪಾತ್ರೆ ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದದ್ದು. ಅದರ ಮೇಲೆ ಚಿತ್ರ ಕೊರೆದು ಬೆಳ್ಳಿಯ ತಂತಿಯನ್ನು ತುಂಬುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ೨೦೦೬ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲೆ ಇದು. “ಸರ್, ತಾಟಿನ ಮ್ಯಾಲೆ ಮೂಲಿಯಿಂದ ಯಾರೂ ಸುರು ಮಾಡಂಗಿಲ್ರಿ. ನಡುವಿನ ಹೂವು ಮೊದಲು, ಆಮ್ಯಾಲೆ ಅಂಚಿನ ಬಳ್ಳಿ” ಎಂದನು ಆ ಹುಡುಗ. ಅವನ ಮಾತಿನಂತೆ ನಡುವೆ ಒಂದೇ ಮಾತು, ಸುತ್ತಲೂ ಒಂದು ಬಣ್ಣದ ಬಳೆ ಎಂದು ಗೊತ್ತಾಯಿತು. ಹಿನ್ನೆಲೆ ಕಪ್ಪು, ಬಿದರಿಯ ಹಾಗೆಯೇ.

ಬಳೆಗೆ ಇನ್ನೊಂದು ಕಾರಣವೂ ಇತ್ತು. ಭಾಲ್ಕಿಯ ಹುಡುಗನು ಮೊದಲು ಬಿಲ್ಲೆಯೊಳಗೆ ನೀಲಿ ನೀರು ಏರಿಳಿಯುವಂತೆ ಚಿತ್ರಿಸಿದ್ದನು. ನೋಡಲು ಬಲು ಚಂದ. ಆದರೆ ಲೆಕ್ಕ ಹಾಕಿದಾಗ ಅದು ಕಣ್ಣಿಗೆ ಸುಳ್ಳು ಹೇಳುತ್ತದೆಂದು ತಿಳಿಯಿತು. ತೊಟ್ಟಿಯಲ್ಲಿ ಕಾಲು ಪಾಲು ನೀರಿರುವಾಗ ವೃತ್ತದಲ್ಲಿ ಕಾಲು ಎತ್ತರಕ್ಕೆ ನೀಲಿ ತುಂಬಿದರೆ, ಅದು ವೃತ್ತದ ಕ್ಷೇತ್ರದಲ್ಲಿ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಇದ್ದ ನೀರು ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅಂಚಿನ ಬಳೆಯಾದರೆ ಕಾಲು ಪಾಲಿಗೆ ಕಾಲು ಸುತ್ತು, ಅರ್ಧಕ್ಕೆ ಅರ್ಧ ಸುತ್ತು, ಮೋಸವಿಲ್ಲ.

ನೀರನ್ನು ಅಳೆಯುವ ಬಗೆ ಸರಳವಾದದ್ದು. ತೊಟ್ಟಿಯ ಬಾಯಿಯಲ್ಲಿ ಒಂದು ಪುಟ್ಟ ಯಂತ್ರ ನಮ್ಮ ಕಿವಿಗೆ ಕೇಳಿಸದ ಸದ್ದನ್ನು ಮಾಡುತ್ತದೆ. ಸದ್ದು ನೀರಿಗೆ ತಾಗಿ ಮರಳುತ್ತದೆ. ವಿಜಾಪುರದ ಗೋಳಗುಮ್ಮಟದಲ್ಲಿ ಕೂಗಿದವರಿಗೆ ಪ್ರತಿಧ್ವನಿಯ ಪಾಠ ಬೇಡ. ಸದ್ದಿನ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರು. ನೀರು ಒಂದು ಮೀಟರು ಕೆಳಗಿದ್ದರೆ ಸದ್ದು ಹೋಗಿ ಬರಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಆರು ಪಾಲಿನಷ್ಟು ಕಾಲ ಸಾಕು. ಒಂದು ತೊಡಕು ಮಾತ್ರ ಉಂಟು: ನೀರು ತಾಗಿದರೂ ಕೆಡದ ಬಗೆಯ ಯಂತ್ರಕ್ಕೆ ಒಂದು ಗೇಣಿಗಿಂತ ಹತ್ತಿರದ ವಸ್ತು ತಿಳಿಯುವುದಿಲ್ಲ. ತೊಟ್ಟಿ ತುಂಬಿ ತುಳುಕುವಾಗಲೇ ಅದು ತಬ್ಬಿಬ್ಬಾಗುತ್ತಿತ್ತು. ಬಾಯಿಯ ಮೇಲೆ ಗೇಣುದ್ದಕ್ಕಿಂತ ಎತ್ತರದ ಚೌಕಟ್ಟು ಕಟ್ಟಿದ ಮೇಲೆ ಸರಿಹೋಯಿತು.

ತಂತಿ ಜೋಡಿಸುವಾಗ ಆದ ಪಾಡನ್ನೂ ಹೇಳಿಬಿಡುತ್ತೇನೆ, ಇತರರಿಗೆ ಉಪಯೋಗವಾದೀತು. ಬಿಲ್ಲೆಯ ಕಡ್ಡಿಗಳ ಮೇಲೆ ಎಸ್.ಸಿ.ಎಲ್., ಎಸ್.ಡಿ.ಎ. ಎಂಬ ಹೆಸರುಗಳಿರುತ್ತವೆ. ಇವು ಐ-ಸ್ಕ್ವೇರ್-ಸಿ ಎಂಬ ಬೇರೊಂದು ಸಂಪರ್ಕ ವಿಧಾನದ ಹೆಸರುಗಳು. ಬಿಲ್ಲೆ ಮಾತನಾಡುವುದು ಎಸ್.ಪಿ.ಐ. ಎಂಬ ವಿಧಾನದಲ್ಲಿ. ಹೆಸರನ್ನು ನಂಬಿ ನಾವು ಎರಡು ದಿನ ಕಳೆದೆವು. ಹೆಸರೊಂದು, ಅರ್ಥವೊಂದು, ವ್ಯಾಕರಣದವನಾದ ನಾನಾದರೂ ಎಚ್ಚರವಾಗಿರಬೇಕಿತ್ತು. ಇನ್ನೊಂದು: ಈ ಬಿಲ್ಲೆಯ ಸಂಕೇತಗಳಿಗೆ ೩.೩ ವೋಲ್ಟು ಒಗ್ಗುತ್ತದೆ. ೫ ವೋಲ್ಟಿನ ಹಳೆಯ ಬಗೆಯ ಬೋರ್ಡಿಗೆ ನೇರವಾಗಿ ಕಟ್ಟಬಾರದು. ನಾವು ಇ.ಎಸ್.ಪಿ.೩೨ ಎಂಬ ಬೋರ್ಡನ್ನು ಬಳಸಿದ್ದರಿಂದ ಆ ತೊಂದರೆ ಬರಲಿಲ್ಲ. ಆದರೂ ಮೊದಲನೆಯ ಬಿಲ್ಲೆ ಹಾಳಾಯಿತು. ಹಾಳು ಮಾಡಿದವನು ನಾನೇ. ಡಬ್ಬಿಯ ಮುಚ್ಚಳಕ್ಕೆ ಕೊರೆದ ತೂತು ಕೂದಲೆಳೆಯಷ್ಟು ಚಿಕ್ಕದಾಗಿತ್ತು, ಹೆಬ್ಬೆರಳಿನಿಂದ ಒತ್ತಿದೆ, ಚಿಟ್ಟೆಂದು ಗಾಜು ಸೀಳಿತು. ಮಕ್ಕಳು ಏನೂ ಅನ್ನಲಿಲ್ಲ. ಎರಡನೆಯದನ್ನು ನನ್ನ ಸಂಬಳದಿಂದ ತರಿಸಿದೆ.

ಇಷ್ಟೆಲ್ಲ ಆದ ಮೇಲೆ ನನ್ನ ಸ್ವಂತ ವಿದ್ಯೆಗೆ ಕರೆ ಬಂದಿತು. ಒಂದು ಸಂಜೆ ಔರಾದದ ಹುಡುಗಿ ಬಿಲ್ಲೆಯನ್ನು ನನ್ನ ಮುಂದೆ ಹಿಡಿದಳು. ‘ನೀರು’ ಎಂದು ಬರೆಯಲು ಅವಳು ಆಜ್ಞೆ ಕೊಟ್ಟಿದ್ದಳು. ತೆರೆಯ ಮೇಲೆ ಹನ್ನೆರಡು ವಿಚಿತ್ರ ಗುರುತುಗಳು ಸಾಲಾಗಿ ನಿಂತಿದ್ದವು. “ಇದರಾಗ ಕನ್ನಡ ಬರಂಗಿಲ್ಲೇನ್ರಿ ಸರ್?” ಎಂದಳು.

ಹನ್ನೆರಡು ಏಕೆ? ಕಂಪ್ಯೂಟರಿಗೆ ‘ನೀರು’ ಎಂಬುದು ಎರಡು ಅಕ್ಷರವಲ್ಲ, ನಾಲ್ಕು ಸಂಕೇತ: ನ, ದೀರ್ಘದ ಈಕಾರದ ಗುರುತು, ರ, ಉಕಾರದ ಗುರುತು. ೧೯೯೧ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಈ ಸ್ಥಾನ ದೊರೆತಿದೆ. ಒಂದೊಂದು ಸಂಕೇತಕ್ಕೂ ಮೂರು ಬೈಟು, ಒಟ್ಟು ಹನ್ನೆರಡು. ಸಣ್ಣ ಬೋರ್ಡುಗಳಿಗೆಂದು ಬರೆದ ಚಿತ್ರಲೇಖನದ ತಂತ್ರಾಂಶಗಳು ಒಂದು ಬೈಟಿಗೆ ಒಂದು ಅಕ್ಷರವೆಂದೇ ತಿಳಿಯುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಐದು ಚುಕ್ಕಿ ಅಗಲ, ಏಳು ಚುಕ್ಕಿ ಎತ್ತರದ ಪಟ್ಟಿಯಲ್ಲಿ ಇಂಗ್ಲಿಷಿನ ಅಕ್ಷರ ಕುಳಿತುಬಿಡುತ್ತದೆ. ನಮ್ಮ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ.

ಅದಕ್ಕೂ ಕಠಿಣವಾದದ್ದು ನಮ್ಮ ಅರ್ಕಾವೊತ್ತು. ‘ಅರ್ಧ’ ಎನ್ನುವಾಗ ರಕಾರವನ್ನು ಉಚ್ಚರಿಸುವುದು ಮೊದಲು, ಬರೆಯುವುದು ಕೊನೆಗೆ. ನಾನು ಮೂವತ್ತು ವರ್ಷ ಐದನೆಯ ತರಗತಿಯಿಂದ ಹತ್ತನೆಯವರೆಗೆ ಮಕ್ಕಳಿಗೆ ತಿದ್ದಿದ ತಪ್ಪು ಇದೇ. ಈಗ ಯಂತ್ರವೂ ಅದೇ ತಪ್ಪು ಮಾಡುತ್ತಿತ್ತು! ದೊಡ್ಡ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಈ ಅಕ್ಷರ ಜೋಡಣೆಯನ್ನು ಮಾಡಲು ಪ್ರತ್ಯೇಕ ತಂತ್ರಾಂಶವಿರುತ್ತದೆ. ಈ ಸಣ್ಣ ಬೋರ್ಡಿನ ಸಾಮಾನ್ಯ ತಂತ್ರಾಂಶದಲ್ಲಿ ಅದು ಇಲ್ಲ. ಎಂದರೆ ಬಿಲ್ಲೆಗೆ ಕನ್ನಡ ಬಾರದೆಂದಲ್ಲ. ಬಿಲ್ಲೆಗೆ ಯಾವ ಭಾಷೆಯೂ ಬಾರದು, ಅದಕ್ಕೆ ಬರುವುದು ಚುಕ್ಕಿ ಮಾತ್ರ. ಚುಕ್ಕಿಗಳನ್ನು ಕನ್ನಡವಾಗಿ ಜೋಡಿಸಿಕೊಡುವ ಶ್ರಮವನ್ನು ಇನ್ನೊಬ್ಬರು ಮಾಡಿಟ್ಟಿಲ್ಲ, ಅಷ್ಟೆ.

ಹಾಗಾದರೆ ನಾವೇ ಮಾಡೋಣವೆಂದೆವು. ಉಪಾಯ ಸುಲಭದ್ದು. ಬೇಕಾದ ಮಾತನ್ನು ಶಾಲೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಬರೆದು, ಅದರ ಚಿತ್ರವನ್ನು ತೆಗೆದು, ಚಿತ್ರವನ್ನೇ ಬೋರ್ಡಿನ ನೆನಪಿನಲ್ಲಿ ಇಡುವುದು. ೧೫೦ ಚುಕ್ಕಿ ಅಗಲ, ೬೦ ಚುಕ್ಕಿ ಎತ್ತರದ ಒಂದು ಮಾತಿಗೆ ೯,೦೦೦ ಚುಕ್ಕಿ; ಒಂದೇ ಬಣ್ಣವಾದ್ದರಿಂದ ಎಂಟು ಚುಕ್ಕಿಗೆ ಒಂದು ಬೈಟು; ಒಟ್ಟು ೧,೧೨೫ ಬೈಟು. ಐದು ಮಾತಿಗೆ ಆರು ಸಾವಿರಕ್ಕೂ ಕಡಿಮೆ. ಲಕ್ಷಾಂತರ ಬೈಟುಗಳ ಜಾಗವಿರುವ ಬೋರ್ಡಿಗೆ ಇದು ಜೋಳದ ಚೀಲದಲ್ಲಿ ಒಂದು ಹಿಡಿ. ೦ಯಿಂದ ೯ರವರೆಗಿನ ಕನ್ನಡ ಅಂಕೆಗಳನ್ನೂ ಹಾಗೆಯೇ ಮಾಡಿದೆವು.

ಮಾತು ಯಾವುವು ಎಂಬಲ್ಲಿ ಜಗಳವಾಯಿತು. ನಾನು ‘ಪೂರ್ಣ’ ಎಂದೆ, ‘ಬರಿದು’ ಎಂದೆ. ಮಕ್ಕಳು ಒಪ್ಪಲಿಲ್ಲ. ಕೊನೆಗೆ ಓದಬೇಕಾದವರನ್ನೇ ಕೇಳುವುದೆಂದು, ಹುಡುಗಿ ಮೊಬೈಲಿನಲ್ಲಿ ಅಜ್ಜಿಗೆ ಮಾತನಾಡಿದಳು. ಆಯಿ ಶಾಲೆ ಕಂಡವರಲ್ಲ. ಸಾಕ್ಷರತೆಯ ರಾತ್ರಿ ತರಗತಿಯಲ್ಲಿ ಅಕ್ಷರ ಕಲಿತವರು. “ಬರಿದು ಗಿರಿದು ನನಗ ತಿಳಿಯಂಗಿಲ್ಲ. ಖಾಲಿ ಅಂತ ಬರೀರಿ ಮಾಸ್ತರ. ಒತ್ತಕ್ಷರ ಕಡಿಮಿ ಹಾಕ್ರಿ” ಎಂದರು. ಖಾಲಿ ಎಂಬುದು ಅರಬ್ಬಿಯಿಂದ ಬಂದ ಮಾತೆಂದು ಹೇಳಲು ನನ್ನ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಬೀದರದ ನೆಲದಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ನಳದ ಮುಂದೆ ಕೊಡ ಹಿಡಿದು ನಿಂತ ನೆರೆಹೊರೆಯವು. ಕೊನೆಗೆ ಉಳಿದ ಐದು ಮಾತು: ತುಂಬಿದೆ, ಮುಕ್ಕಾಲು, ಅರೆ, ಕಾಲು, ಖಾಲಿ. ಒಂದೇ ಒಂದು ಒತ್ತು. ನನ್ನ ಅರ್ಕಾವೊತ್ತಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ.

ದೀಪಾವಳಿಯ ರಜೆಯಲ್ಲಿ ನಾವು ನಾಲ್ವರೂ ಹೋಗಿ ಅದನ್ನು ಕಟ್ಟಿ ಬಂದೆವು. ಬಿಸಿಲಿನಲ್ಲಿ ಈ ಬಿಲ್ಲೆ ಮಂಕಾಗುವುದರಿಂದ ಅಡಿಗೆಮನೆಯ ಗೂಡಿನಲ್ಲಿ ಇಟ್ಟೆವು. ತಂತಿಯನ್ನು ಬೆಳಕಿಂಡಿಯಿಂದ ಇಳಿಸಿದೆವು. ಆಯಿ ಕನ್ನಡಕ ಹಾಕಿಕೊಂಡು ಬಂದು, ಬೆರಳಿಟ್ಟು, ‘ಮು... ಕ್ಕಾ... ಲು’ ಎಂದು ಓದಿದರು. ಅವರಿಗೆ ನಂಬಿಕೆ ಬರಲಿಲ್ಲ. ಮೊಮ್ಮಗಳನ್ನೇ ಮೇಲೆ ಹತ್ತಿಸಿ ನೋಡಿಸಿದರು. ಮುಕ್ಕಾಲೇ ಇತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎಂಟು ದಿನಕ್ಕೆ ಕರೆ ಬಂದಿತು: ಆಯಿ ಮತ್ತೆ ನಿಚ್ಚಣಿಕೆ ಹತ್ತಿದ್ದಾರೆ. ಕರೆಂಟು ಹೋಗಿ ಬಿಲ್ಲೆ ಕಪ್ಪಾಗಿತ್ತು. ಕಪ್ಪಾದದ್ದನ್ನು ಕಂಡು ತೊಟ್ಟಿಯೇ ಬತ್ತಿತೆಂದು ತಿಳಿದು, ಕತ್ತಲಲ್ಲಿ ಮೇಲೆ ಹತ್ತಿದ್ದರು. ದೇವರ ದಯೆ, ಏನೂ ಆಗಲಿಲ್ಲ. ಆದರೆ ನಮಗೆ ನಾಚಿಕೆಯಾಯಿತು. ‘ಗೊತ್ತಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಯಂತ್ರಕ್ಕೆ ಕಲಿಸಲು ನಾವು ಮರೆತಿದ್ದೆವು. ಮುಂದಿನ ವಾರ ಮೊಬೈಲಿಗೆ ಬಳಸುವ ಪವರ್ ಬ್ಯಾಂಕ್ ಒಂದನ್ನು ಜೋಡಿಸಿದೆವು. ಪ್ರತಿಧ್ವನಿ ಸರಿಯಾಗಿ ಬಾರದಿದ್ದಾಗ ತೋರಲೆಂದು ಆರನೆಯ ಮಾತನ್ನೂ ಸೇರಿಸಿದೆವು: ‘ತಡಿ’. ಈ ಮಾತನ್ನು ಆರಿಸಿದವಳು ಆ ಹುಡುಗಿ. ಅದಾದ ಮೇಲೆ ನಿಚ್ಚಣಿಕೆ ಗೋಡೆಗೆ ಒರಗಿಯೇ ಇದೆ.

ವಿಜ್ಞಾನ ಪ್ರದರ್ಶನವೊಂದರಲ್ಲಿ ಇದನ್ನಿಟ್ಟಾಗ ಪರೀಕ್ಷಕರೊಬ್ಬರು, “ಇಂಗ್ಲಿಷಿನಲ್ಲಿ ಬರೆದಿದ್ದರೆ ಒಂದು ದಿನದ ಕೆಲಸ, ಇಷ್ಟು ಕಷ್ಟ ಯಾಕೆ?” ಎಂದು ಕೇಳಿದರು. ಹುಡುಗಿ, “ಇಂಗ್ಲಿಷಿನಾಗ ಬರದ್ರ ನಮ್ಮ ಆಯಿ ನಿಚ್ಚಣಿಕಿ ಹತ್ತೋದು ತಪ್ಪತಿದ್ದಿಲ್ರಿ” ಎಂದಳು. ಬಹುಮಾನ ಬರಲಿಲ್ಲ. ಉತ್ತರ ಮಾತ್ರ ನನ್ನಲ್ಲಿ ಉಳಿದಿದೆ.

ಆ ಉತ್ತರ ಕೇಳಿದಾಗ ನನಗೆ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದೇವರ ನೆನಪಾಯಿತು. ಹಿಂದೆ ಔರಾದ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಕಮಲನಗರದಲ್ಲಿ ಹುಟ್ಟಿದವರು ಅವರು. ೧೯೫೬ರಲ್ಲಿ ಬೀದರವು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಬಹಳ ಮೊದಲು, ನಿಜಾಮರ ಆಳ್ವಿಕೆಯಲ್ಲಿ, ಹೊರಗೆ ಉರ್ದು ಶಾಲೆಯ ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು. ಆ ಕಾಲದ ಕಷ್ಟಕ್ಕೆ ನಮ್ಮದನ್ನು ಹೋಲಿಸುವ ಧೈರ್ಯ ನನಗಿಲ್ಲ. ಇಂದು ಕನ್ನಡವನ್ನು ಯಾರೂ ತಡೆಯುವುದಿಲ್ಲ. ಆದರೆ ಹೊಸದಾಗಿ ಬರುವ ಒಂದೊಂದು ಯಂತ್ರದಲ್ಲಿಯೂ ಕನ್ನಡವನ್ನು ಯಾರಾದರೊಬ್ಬರು ಕುಳಿತು ಕೂರಿಸಬೇಕಾಗುತ್ತದೆ. ತಾನಾಗಿ ಅದು ಬರುವುದಿಲ್ಲ. ಐದಾರು ಮಾತಾದರೂ ಸರಿ.

ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಮಕ್ಕಳು ಇಂಥ ಬಿಲ್ಲೆಗೆ ದುಡ್ಡು ಕೇಳಿದರೆ ಆಟದ ಸಾಮಾನೆಂದು ಗದರಿಸಬೇಡಿರಿ. ಮನೆಯ ೨೩೦ ವೋಲ್ಟಿನ ತಂತಿಯನ್ನು ಮಾತ್ರ ಅವರು ಮುಟ್ಟದಂತೆ ನೋಡಿಕೊಳ್ಳಿರಿ. ಮೊಬೈಲಿನ ಚಾರ್ಜರು ಕೊಡುವ ೫ ವೋಲ್ಟು ಈ ಕೆಲಸಕ್ಕೆ ಧಾರಾಳ. ‘ಇದರಿಂದ ಯಾರಿಗೆ ಏನು ತಿಳಿಯಬೇಕು?’ ಎಂದು ಒಂದು ಪ್ರಶ್ನೆ ಕೇಳಿರಿ. ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದಂತೆ.

೧೯೩೫ರಲ್ಲಿ, ಅಮೆರಿಕದಲ್ಲಿ ಹಸಿರು ಕಣ್ಣಿನ ವಾಲ್ವ್ ಹೊರಬಂದ ಅದೇ ವರ್ಷ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ನಿಲಯವೊಂದನ್ನು ಆರಂಭಿಸಿದರು. ಅದೂ ಹವ್ಯಾಸವೇ. ಅದರ ಹೆಸರು ಆಕಾಶವಾಣಿ. ಮುಂದೆ ದೇಶದ ರೇಡಿಯೋಗೆಲ್ಲ ಅದೇ ಹೆಸರು ನಿಂತಿತು. ಮನೆಯ ಮೂಲೆಯಲ್ಲಿ ತಂತಿ ಹರಡಿಕೊಂಡು ಕುಳಿತ ಹುಡುಗಿ ಹುಡುಗರನ್ನು ಕಂಡಾಗ ಅದನ್ನು ತಾವು ನೆನೆಯಬೇಕೆಂದು ಪ್ರಾರ್ಥಿಸುತ್ತೇನೆ.